ಏಪ್ರಿಲ್ ಮಧ್ಯಾಹ್ನದ ನೀರು, ಡಿಸೆಂಬರ್ ಮುಂಜಾನೆಯ ನೀರು: ವಾಹಕತೆಯ ಒಂದು ಪ್ರಕರಣ

ವಿಜಯಪುರ ಜಿಲ್ಲೆಯ ದಾಳಿಂಬೆ ಬೆಳೆಗಾರರೊಬ್ಬರು ಎರಡು ಚೀಟಿಗಳನ್ನು ಹಿಡಿದು ನನ್ನ ಬಳಿ ಬಂದದ್ದು ಒಂದು ಡಿಸೆಂಬರಿನ ಕೊನೆಯ ವಾರದಲ್ಲಿ. ಮೊದಲ ಚೀಟಿ ಅದೇ ವರ್ಷದ ಏಪ್ರಿಲಿನದು. ತೋಟದ ನೀರಿನ ವಿದ್ಯುತ್ ವಾಹಕತೆ 2350 ಎಂದು ಅದರಲ್ಲಿ ಬರೆದಿತ್ತು. ಎರಡನೆಯದು ಎರಡು ದಿನ ಹಿಂದಿನದು; ಅದರಲ್ಲಿ 1690 ಎಂದಿತ್ತು. ನೀರಿನಲ್ಲಿ ಕರಗಿದ ಉಪ್ಪು ಹೆಚ್ಚಿದಷ್ಟೂ ಈ ಸಂಖ್ಯೆ ಹೆಚ್ಚು. ಎರಡೂ ಸಂಖ್ಯೆಗಳ ಮಾನ ಪ್ರತಿ ಸೆಂಟಿಮೀಟರಿಗೆ ಮೈಕ್ರೋಸೀಮೆನ್ಸ್. ಮುಂದೆ ಎಲ್ಲ ಕಡೆ ಇದೇ ಮಾನವಿರುವುದರಿಂದ ಸಂಖ್ಯೆಯನ್ನಷ್ಟೇ ಬರೆಯುತ್ತೇನೆ.

ಈ ಎರಡು ಚೀಟಿಗಳ ನಡುವೆ, ಜೂನ್ ತಿಂಗಳಲ್ಲಿ, ಅವರು ಪಂಪಿನಿಂದ ಹನಿ ನೀರಾವರಿಗೆ ಹೋಗುವ ಪೈಪಿಗೆ ಅಯಸ್ಕಾಂತ ಕೂಡಿಸಿದ ಒಂದು ಸಾಧನವನ್ನು ಹಾಕಿಸಿದ್ದರು. ಅದು ನೀರಿನ ಉಪ್ಪಿನಲ್ಲಿ ಕಾಲು ಭಾಗವನ್ನಾದರೂ ಇಳಿಸುತ್ತದೆ ಎಂದು ಮಾರಿದವರು ಹೇಳಿದ್ದರಂತೆ. 2350ರಿಂದ 1690ಕ್ಕೆ ಇಳಿದರೆ ನೂರಕ್ಕೆ 28ರಷ್ಟು ಇಳಿದಂತೆ. ಲೆಕ್ಕ ಮಾತಿಗಿಂತ ಮುಂದೆಯೇ ಹೋಗಿತ್ತು.

"ಅವರು ಹೇಳಿದಾಂಗ ಇಳದೈತ್ರಿ ಸರ. ನಮ್ಮ ಅಣ್ಣನ ತ್ವಾಟಕ್ಕೂ ಒಂದು ಹಾಕ್ಸೂಣಂತ ಮಾಡೇವಿ. ಒಮ್ಮಿ ನೀವು ನೋಡಿ ಹೇಳ್ರಿ" ಎಂದರು.

ಅವರ ಸಮಾಧಾನಕ್ಕೆ ಇನ್ನೊಂದು ಕಾರಣವೂ ಇತ್ತು. ನೀರಾವರಿ ನೀರನ್ನು ಉಪ್ಪಿನ ಪ್ರಮಾಣದ ಮೇಲೆ ನಾಲ್ಕು ವರ್ಗಗಳಾಗಿ ವಿಂಗಡಿಸುವ, ಅಮೆರಿಕದ ಕೃಷಿ ಇಲಾಖೆ 1954ರಲ್ಲಿ ಪ್ರಕಟಿಸಿದ ಕೋಷ್ಟಕ ನಮ್ಮ ಕಡೆಯ ಎಷ್ಟೋ ನೀರು ಪರೀಕ್ಷಾ ವರದಿಗಳಲ್ಲಿ ಇಂದಿಗೂ ಬಳಕೆಯಲ್ಲಿದೆ. 250, 750, 2250 ಎಂಬ ಮೂರು ಗೆರೆಗಳು ಆ ನಾಲ್ಕು ವರ್ಗಗಳನ್ನು ಬೇರ್ಪಡಿಸುತ್ತವೆ. ಏಪ್ರಿಲಿನ 2350 ಕೊನೆಯ ಗೆರೆಯನ್ನು ದಾಟಿ, ಸಾಮಾನ್ಯ ಸ್ಥಿತಿಯಲ್ಲಿ ನೀರಾವರಿಗೆ ಯೋಗ್ಯವಲ್ಲ ಎನ್ನುವ ನಾಲ್ಕನೆಯ ವರ್ಗಕ್ಕೆ ಬಿದ್ದಿತ್ತು. ಡಿಸೆಂಬರಿನ 1690 ಮೂರನೆಯ ವರ್ಗದ ನಡುಮಧ್ಯದಲ್ಲಿತ್ತು. ಸವಳು ನೀರು ಎಂದು ಬರೆಸಿಕೊಂಡ ತೋಟಕ್ಕೆ ಆ ಹಣೆಪಟ್ಟಿ ಕಳಚಿದಂತಾಗಿತ್ತು.

ಚೀಟಿಗಳನ್ನು ತಿರುವಿ ನೋಡಿದೆ. ದಿನಾಂಕ, ಹೆಸರು, ಸಂಖ್ಯೆ, ಸಹಿ ಎಲ್ಲವೂ ಇದ್ದವು. ನೀರಿನ ತಾಪಮಾನ ಎರಡರಲ್ಲೂ ಇರಲಿಲ್ಲ.

ಅಳೆದವರು ಯಾರು, ಹೇಗೆ ಎಂದು ವಿಚಾರಿಸಿದಾಗ ತಿಳಿದದ್ದಿಷ್ಟು. ಎರಡೂ ಸಲ ಬಳಸಿದ್ದು ಒಂದೇ ಮೀಟರ್. ಪರಿಚಯದವರ ಹತ್ತಿರವಿದ್ದ ಹಳೆಯ ಮಾದರಿಯದು, ಮುಂಭಾಗದಲ್ಲಿ ತಾಪಮಾನದ ಒಂದು ತಿರುಗುಗುಂಡಿ ಇರುವಂಥದು. ಈಗಿನ ಕಿಸೆಯ ಪೆನ್ನುಗಳಲ್ಲಿ ಹೆಚ್ಚಿನವು ನೀರಿನ ತಾಪಮಾನವನ್ನು ತಾವೇ ಅರಿತು, ಲೆಕ್ಕವನ್ನು 25 ಡಿಗ್ರಿಗೆ ಹೊಂದಿಸಿ ತೋರಿಸುತ್ತವೆ. ಹಳೆಯ ಮೀಟರಿನಲ್ಲಿ ಆ ಕೆಲಸ ಅಳೆಯುವವರದು: ಮೊದಲು ಥರ್ಮಾಮೀಟರ್ ಅದ್ದಿ, ಬಂದ ಅಂಕಕ್ಕೆ ಗುಂಡಿಯನ್ನು ತಿರುಗಿಸಿ, ಆಮೇಲೆ ವಾಹಕತೆ ಓದಬೇಕು. ಈ ಮೀಟರಿನ ಗುಂಡಿ 25ರ ಮೇಲೆ ನಿಂತಿತ್ತು. ಅದನ್ನು ತಿರುಗಿಸುವುದೆಂದು ಯಾರಿಗೂ ಗೊತ್ತಿರಲಿಲ್ಲ. ಗುಂಡಿ 25ರಲ್ಲಿದ್ದರೆ ಮೀಟರ್ ಯಾವ ತಿದ್ದುಪಡಿಯನ್ನೂ ಮಾಡುವುದಿಲ್ಲ. ಆ ಕ್ಷಣದ ತಾಪಮಾನದಲ್ಲಿ ಆ ನೀರು ಎಷ್ಟು ವಿದ್ಯುತ್ತನ್ನು ಹರಿಯಬಿಡುತ್ತದೆಯೋ ಅದನ್ನೇ ತೋರಿಸುತ್ತದೆ. ಅದು ಸುಳ್ಳು ಸಂಖ್ಯೆಯೇನೂ ಅಲ್ಲ. ಆದರೆ ಎರಡು ಬೇರೆ ತಾಪಮಾನದ ಅಂಥ ಸಂಖ್ಯೆಗಳನ್ನು ಪಕ್ಕಪಕ್ಕ ಇಟ್ಟು ಕಳೆಯುವಂತಿಲ್ಲ.

ಏಪ್ರಿಲಿನ ನೀರನ್ನು ಮಧ್ಯಾಹ್ನ ಮೂರರ ಸುಮಾರಿಗೆ ಕೊಳವೆ ಬಾವಿಯ ನೀರು ತುಂಬಿಸುವ ತೆರೆದ ಕೃಷಿ ಹೊಂಡದಿಂದ ಬರುವ ಪೈಪಿನ ಬಾಯಿಯಲ್ಲೇ ಅಳೆದಿದ್ದರು. ಡಿಸೆಂಬರಿನದನ್ನು ಹಿಂದಿನ ಸಂಜೆ ಕ್ಯಾನಿನಲ್ಲಿ ಹಿಡಿದು, ರಾತ್ರಿಯಿಡೀ ಪಡಸಾಲೆಯಲ್ಲಿಟ್ಟು, ಮುಂಜಾನೆ ಏಳಕ್ಕೆ ಅಳೆದಿದ್ದರು. ವಿಜಯಪುರದ ಕಡೆಯ ಏಪ್ರಿಲ್ ಮಧ್ಯಾಹ್ನವನ್ನೂ ಡಿಸೆಂಬರ್ ಮುಂಜಾನೆಯನ್ನೂ ಬಲ್ಲವರಿಗೆ ಇಷ್ಟು ಸಾಕು. ಆದರೂ ಅನುಮಾನ ಬೇರೆ, ಪುರಾವೆ ಬೇರೆ.

ಇಲ್ಲಿ ಸ್ವಲ್ಪ ನಿಂತು, ಉಪ್ಪು ನೀರು ಬಿಸಿಯಾದಾಗ ಏನಾಗುತ್ತದೆ ಎಂಬುದನ್ನು ನೋಡಬೇಕು. ಏಕೆಂದರೆ ಈ ವಿಷಯದಲ್ಲಿ ಓದಿದವರಲ್ಲೂ ಒಂದು ತಪ್ಪು ಕಲ್ಪನೆ ಇದೆ. ಬಿಸಿ ನೀರಿನಲ್ಲಿ ಉಪ್ಪು ಹೆಚ್ಚು ಕರಗುತ್ತದೆ, ಹಾಗಾಗಿ ವಾಹಕತೆ ಏರುತ್ತದೆ ಎಂದು ಹಲವರು ಹೇಳುತ್ತಾರೆ. ಲೋಟದಲ್ಲಿರುವ ಉಪ್ಪೆಲ್ಲ ಆಗಲೇ ಕರಗಿ ಮುಗಿದಿರುವಾಗ ಇನ್ನು ಹೆಚ್ಚು ಕರಗಲು ಅಲ್ಲೇನೂ ಉಳಿದಿರುವುದಿಲ್ಲ. ಸೋಡಿಯಂ ಕ್ಲೋರೈಡಿನಂಥ ಲವಣ ನೀರಿಗೆ ಬಿದ್ದ ಕೂಡಲೇ ವಿದ್ಯುದಾವೇಶ ಹೊತ್ತ ಕಣಗಳಾಗಿ, ಅಂದರೆ ಧನ ಅಯಾನು, ಋಣ ಅಯಾನುಗಳಾಗಿ ಬೇರ್ಪಟ್ಟಿರುತ್ತದೆ. ಕಾಯಿಸಿದರೆ ಅವುಗಳ ಸಂಖ್ಯೆ ಹೆಚ್ಚುವುದಿಲ್ಲ. ಹೆಚ್ಚುವುದು ಅವುಗಳ ಓಟ. ವಿದ್ಯುತ್ ಕ್ಷೇತ್ರದಲ್ಲಿ ಅಯಾನು ಸಾಗುವಾಗ ನೀರು ಅದನ್ನು ಹಿಡಿದು ನಿಲ್ಲಿಸುತ್ತಿರುತ್ತದೆ, ಮತ್ತು ಆ ಹಿಡಿತ ನೀರಿನ ಸ್ನಿಗ್ಧತೆಗೆ, ಅಂದರೆ ಹರಿಯಲು ಅದು ತೋರುವ ಪ್ರತಿರೋಧಕ್ಕೆ, ತಕ್ಕಂತೆ ಇರುತ್ತದೆ. 17 ಡಿಗ್ರಿಯಲ್ಲಿ ನೀರಿನ ಸ್ನಿಗ್ಧತೆ ಸುಮಾರು 1.08 ಮಿಲಿಪಾಸ್ಕಲ್ ಸೆಕೆಂಡ್. 33 ಡಿಗ್ರಿಯಲ್ಲಿ ಸುಮಾರು 0.75. ಜೋನಿಬೆಲ್ಲವನ್ನು ಬೆಚ್ಚಗೆ ಮಾಡಿದಾಗ ಅದು ಸಲೀಸಾಗಿ ಹರಿಯುವುದನ್ನು ಕಂಡವರು ಇದನ್ನೇ ದೊಡ್ಡ ಪ್ರಮಾಣದಲ್ಲಿ ಕಂಡಿದ್ದಾರೆ. ನೀರಿನಲ್ಲಿ ಆ ಬದಲಾವಣೆ ಕಣ್ಣಿಗೆ ಕಾಣದಷ್ಟು ಸಣ್ಣದು, ಅಯಾನಿಗೆ ಮಾತ್ರ ದೊಡ್ಡದು.

ತಾಮ್ರದ ತಂತಿಯಲ್ಲಿ ಇದು ತಿರುಗುಮುರುಗಾಗಿದೆ ಎಂಬುದನ್ನೂ ನೆನೆಯಬಹುದು. ತಾಮ್ರ ಬಿಸಿಯಾದಂತೆ ಡಿಗ್ರಿಗೆ ನೂರಕ್ಕೆ 0.4ರಷ್ಟು ವಾಹಕತೆ ಕಳೆದುಕೊಳ್ಳುತ್ತದೆ; ಉಪ್ಪು ನೀರು ಡಿಗ್ರಿಗೆ ನೂರಕ್ಕೆ 2ರಷ್ಟು ಗಳಿಸಿಕೊಳ್ಳುತ್ತದೆ. ಅಂದರೆ ದಿಕ್ಕು ಬೇರೆ, ಗಾತ್ರವೂ ಐದು ಪಟ್ಟು.

ಈ ನೂರಕ್ಕೆ ಎರಡು ಎಂಬ ಅಂಕದ ಹಿಂದೆ ಜರ್ಮನಿಯ ಫ್ರೀಡ್ರಿಕ್ ಕೋಲ್‌ರಾಉಷ್ ಅವರ ದುಡಿಮೆ ಇದೆ. ನೇರ ವಿದ್ಯುತ್ತು ಹರಿಸಿದರೆ ವಿದ್ಯುದ್ವಾರಗಳ ಮೇಲೆ ಆಗುವ ರಾಸಾಯನಿಕ ಬದಲಾವಣೆಯೇ ಅಳತೆಯನ್ನು ಕೆಡಿಸುತ್ತದೆ ಎಂದು ಅವರು ಪರ್ಯಾಯ ವಿದ್ಯುತ್ತನ್ನು ಬಳಸಿದರು. ಅಳೆಯುವ ವಿದ್ಯುತ್ ಮಂಡಲದ ಸಮತೋಲವನ್ನು ಕಂಡುಹಿಡಿಯಲು ಟೆಲಿಫೋನಿನ ಕಿವಿತುಂಡನ್ನು ಹಿಡಿದು ಸದ್ದು ಅಡಗುವುದನ್ನು ಕಾದರು. ಬೇರೆ ಬೇರೆ ಲವಣಗಳ ತೆಳು ದ್ರಾವಣಗಳನ್ನು ಅಳೆಯುತ್ತ ಹೋದಾಗ, ಪ್ರತಿ ಅಯಾನಿಗೂ ತನ್ನದೇ ಆದ ಓಟವಿದ್ದರೂ, ತಾಪಮಾನದೊಂದಿಗೆ ಆ ಓಟ ಏರುವ ಪ್ರಮಾಣ ಹೆಚ್ಚುಕಡಿಮೆ ಒಂದೇ ಎಂದು ಕಂಡುಬಂತು. ನಮ್ಮ ಪ್ರಕರಣಕ್ಕೆ ಬೇಕಾದದ್ದು ಇದೇ. ಕೊಳವೆ ಬಾವಿಯ ನೀರಿನಲ್ಲಿ ಸೋಡಿಯಂ, ಕ್ಯಾಲ್ಸಿಯಂ, ಮೆಗ್ನೀಸಿಯಂ, ಕ್ಲೋರೈಡ್, ಬೈಕಾರ್ಬನೇಟ್, ಸಲ್ಫೇಟ್ ಯಾವ ಅನುಪಾತದಲ್ಲಿದ್ದರೂ ಒಟ್ಟು ನೀರು ಡಿಗ್ರಿಗೆ ನೂರಕ್ಕೆ ಎರಡರ ಆಸುಪಾಸಿನಲ್ಲೇ ಏರುತ್ತದೆ. ಆಮ್ಲ ಇದಕ್ಕೆ ಹೊರತು. ಹೈಡ್ರೋಜನ್ ಅಯಾನು ಒಂದು ನೀರಿನ ಅಣುವಿನಿಂದ ಇನ್ನೊಂದಕ್ಕೆ ಕೈ ಬದಲಾಯಿಸುತ್ತ ಸಾಗುವುದರಿಂದ ಅದರ ಏರಿಕೆ ಕಡಿಮೆ. ಅತಿಶುದ್ಧ ನೀರೂ ಹೊರತು. ಅಲ್ಲಿ ಬಿಸಿಯಾದಂತೆ ನೀರೇ ಹೆಚ್ಚು ಅಯಾನುಗಳಾಗಿ ಒಡೆಯುವುದರಿಂದ ಏರಿಕೆ ಡಿಗ್ರಿಗೆ ನೂರಕ್ಕೆ 5ರವರೆಗೂ ಹೋಗುತ್ತದೆ. ತೋಟದ ನೀರು ಈ ಎರಡೂ ಅಲ್ಲ.

ಮರುದಿನ ತೋಟಕ್ಕೆ ಹೋದೆ. ಥರ್ಮಾಮೀಟರ್, ಅದೇ ಹಳೆಯ ಮೀಟರ್, ಮತ್ತು ಹಿಂದಿನ ಸಂಜೆ ನಾನೇ ತಯಾರಿಸಿದ ಪೊಟ್ಯಾಸಿಯಂ ಕ್ಲೋರೈಡ್ ದ್ರಾವಣದ ಒಂದು ಬಾಟಲಿ ಜೊತೆಗಿದ್ದವು. ಒಣಗಿಸಿದ 0.7456 ಗ್ರಾಂ ಪೊಟ್ಯಾಸಿಯಂ ಕ್ಲೋರೈಡನ್ನು ಬಟ್ಟಿ ಇಳಿಸಿದ ನೀರಿನಲ್ಲಿ ಕರಗಿಸಿ ಒಂದು ಲೀಟರಿಗೆ ತಂದರೆ ಬರುವ ಈ ದ್ರಾವಣದ ವಾಹಕತೆ 25 ಡಿಗ್ರಿಯಲ್ಲಿ 1413. ಇದು ಜಗತ್ತಿನ ಎಷ್ಟೋ ಪ್ರಯೋಗಾಲಯಗಳು ಮೀಟರನ್ನು ಒರೆಗೆ ಹಚ್ಚುವ ಅಂಕ. ಅಂಗಡಿಯಲ್ಲಿ ಕೊಳ್ಳುವ ಇದೇ ದ್ರಾವಣದ ಬಾಟಲಿಗಳ ಮೇಲೆ ಸಾಮಾನ್ಯವಾಗಿ ಒಂದು ಸಣ್ಣ ಕೋಷ್ಟಕವಿರುತ್ತದೆ: 0 ಡಿಗ್ರಿಗೆ 776, 10ಕ್ಕೆ 1020, 17ಕ್ಕೆ 1199, 20ಕ್ಕೆ 1278, 25ಕ್ಕೆ 1413, 30ಕ್ಕೆ 1552, 33ಕ್ಕೆ 1638. ಉಪ್ಪು ಒಂದೇ, ನೀರು ಒಂದೇ. ಸೊನ್ನೆಯಿಂದ ಮೂವತ್ತಕ್ಕೆ ಹೋಗುವಷ್ಟರಲ್ಲಿ ಸಂಖ್ಯೆ ಎರಡು ಪಟ್ಟಾಗಿದೆ. ಈ ಕೋಷ್ಟಕವನ್ನು ಬಾಟಲಿಯ ಮೇಲೆ ಅಂಟಿಸಿರುವುದು ಅಲಂಕಾರಕ್ಕೆಂದು ನಮ್ಮ ಕಾಲೇಜಿನ ವಿದ್ಯಾರ್ಥಿಗಳು ಭಾವಿಸಿದಂತೆ ಕಾಣುತ್ತದೆ.

ಪರೀಕ್ಷೆ ಸರಳವಾಗಿತ್ತು. ಹೊಂಡದ ನೀರನ್ನು ಒಂದು ಸ್ಟೀಲ್ ಡಬರಿಯಲ್ಲಿ ಹಿಡಿದು, ಅದನ್ನು ಒಮ್ಮೆ ಐಸ್ ನೀರಿನ ಬಕೆಟ್ಟಿನಲ್ಲಿ, ಒಮ್ಮೆ ಉಗುರುಬೆಚ್ಚಗಿನ ನೀರಿನ ಬಕೆಟ್ಟಿನಲ್ಲಿ ಇಳಿಸಿ, ಕಲಕುತ್ತ, ತಾಪಮಾನ ನಿಂತ ಮೇಲೆ ಅಳೆದೆವು. ಐಸನ್ನು ನೀರಿನೊಳಗೇ ಹಾಕಬೇಡಿರೆಂದು ಎರಡು ಸಲ ಹೇಳಬೇಕಾಯಿತು. ಹಾಕಿದರೆ ಉಪ್ಪು ತೆಳುವಾಗಿ ಇಡೀ ಲೆಕ್ಕ ಕೆಡುತ್ತಿತ್ತು. ಗುಂಡಿಯನ್ನು ಬೇಕೆಂದೇ 25ರಲ್ಲಿ ಬಿಟ್ಟೆ. ನೀರು 10 ಡಿಗ್ರಿಯಲ್ಲಿದ್ದಾಗ ಮೀಟರ್ 1430 ತೋರಿಸಿತು, 17ರಲ್ಲಿ 1690, 25ರಲ್ಲಿ 2020, 33ರಲ್ಲಿ 2350. ಚೀಟಿಯಲ್ಲಿದ್ದ ಎರಡೂ ಸಂಖ್ಯೆಗಳು ಒಂದೇ ಡಬರಿಯ ನೀರಿನಿಂದ, ಒಂದೇ ಮುಂಜಾನೆ, ಮುಕ್ಕಾಲು ಗಂಟೆಯೊಳಗೆ ಹೊರಬಂದವು. ಡಿಸೆಂಬರಿನ ಕ್ಯಾನು ಇನ್ನೂ ಪಡಸಾಲೆಯಲ್ಲೇ ಇತ್ತು. ಅದರ ನೀರು ಆ ಹೊತ್ತಿಗೆ 17 ಡಿಗ್ರಿಯಲ್ಲಿತ್ತು.

ಆದರೆ ಬೆಳೆಗಾರರ ಆಕ್ಷೇಪ ನ್ಯಾಯವಾಗಿತ್ತು: ಈ ನೀರು ಆಗಲೇ ಸಾಧನದಲ್ಲಿ ಹಾದುಬಂದದ್ದಾದರೆ, ಸಾಧನ ಕೆಲಸ ಮಾಡಿಲ್ಲವೆಂದು ಇದರಿಂದ ಹೇಗೆ ಹೇಳುತ್ತೀರಿ? ನಿಜಕ್ಕೂ ಡಬರಿಗೆ ಹಿಡಿದದ್ದು ಸಾಧನಕ್ಕಿಂತ ಹಿಂದಿನ, ಹೊಂಡದ ನೀರನ್ನು. ಅವರಿಗೆ ಅದು ಮನದಟ್ಟಾಗಲೆಂದು ಇನ್ನೆರಡು ಕೆಲಸ ಮಾಡಿದೆವು.

ಮೊದಲನೆಯದು ಬಾಟಲಿಯದು. ಯಾವ ಅಯಸ್ಕಾಂತದ ಹತ್ತಿರವೂ ಸುಳಿಯದ ಪೊಟ್ಯಾಸಿಯಂ ಕ್ಲೋರೈಡ್ ದ್ರಾವಣವನ್ನು 33 ಡಿಗ್ರಿಗೂ 17 ಡಿಗ್ರಿಗೂ ತಂದು ಅಳೆದಾಗ ಮೀಟರಿನ ಅಂಕಗಳು ಕೋಷ್ಟಕದ 1638, 1199ಕ್ಕೆ ಹತ್ತಿರವೇ ಬಂದವು. ಇಳಿತ ನೂರಕ್ಕೆ 27. ಸಾಧನ ಮಾಡಿದ್ದೆಂದು ನಂಬಿದ್ದ ಇಳಿತ ನೂರಕ್ಕೆ 28. ಕಪಾಟಿನಲ್ಲಿದ್ದ ಬಾಟಲಿಯೂ ಸಾಧನ ಹಾಕಿಸಿಕೊಂಡಷ್ಟೇ "ಸುಧಾರಿಸಿತ್ತು".

ಎರಡನೆಯದು, ಪ್ರಶ್ನೆಗೆ ನೇರ ಉತ್ತರ ಕೊಡುವಂಥದು, ಮೊದಲೇ ಮಾಡಬೇಕಾಗಿದ್ದದ್ದು: ಸಾಧನಕ್ಕಿಂತ ಹಿಂದಿನ ನಲ್ಲಿಯಿಂದಲೂ ಮುಂದಿನ ನಲ್ಲಿಯಿಂದಲೂ ಒಂದೇ ಹೊತ್ತಿಗೆ ನೀರು ಹಿಡಿಯುವುದು. ಪಂಪು ಅರ್ಧ ಗಂಟೆ ಓಡಿದ ಮೇಲೆ ಎರಡು ಗಾಜಿನ ಬಾಟಲಿಗಳನ್ನು ತುಂಬಿಸಿದೆವು. ಎರಡೂ 22 ಡಿಗ್ರಿ. ಎರಡರ ಓದೂ 1900. ಹಿಂದು ಮುಂದಿನ ಏಪ್ರಿಲ್, ಡಿಸೆಂಬರುಗಳ ಗೊಡವೆಯೇ ಇಲ್ಲದ ಹೋಲಿಕೆ ಇದು. ಬಾಟಲಿಗಳನ್ನು ಕಾಲೇಜಿಗೆ ತಂದು ಕ್ಲೋರೈಡ್ ಎಷ್ಟಿದೆ ಎಂದು ತಿಳಿಯಲು ಸಿಲ್ವರ್ ನೈಟ್ರೇಟನ್ನು ಹನಿಹನಿಯಾಗಿ ಬಿಟ್ಟು ಅನುಮಾಪನ ಮಾಡಿದಾಗ ಬ್ಯುರೆಟ್ಟಿನ ಓದುಗಳಲ್ಲಿ 0.1 ಮಿಲಿಲೀಟರಿಗಿಂತ ಹೆಚ್ಚಿನ ವ್ಯತ್ಯಾಸ ಬರಲಿಲ್ಲ. ತಲಾ 100 ಮಿಲಿಲೀಟರ್ ನೀರನ್ನು ಆವಿ ಮಾಡಿ 180 ಡಿಗ್ರಿಯಲ್ಲಿ ಒಣಗಿಸಿದಾಗ ಎರಡು ಬಟ್ಟಲುಗಳಲ್ಲೂ ಉಳಿದದ್ದು 0.13 ಗ್ರಾಂ, ಲೀಟರಿಗೆ 1.3 ಗ್ರಾಂ. ವಾಹಕತೆಯನ್ನು 0.64ರಿಂದ ಗುಣಿಸಿ ಕರಗಿದ ಲವಣದ ಮಿಲಿಗ್ರಾಂ ಅಂದಾಜು ಮಾಡುವ ರೂಢಿಯ ಲೆಕ್ಕ 2020ಕ್ಕೆ 1293 ಎನ್ನುತ್ತದೆ. ಆ ಗುಣಕ ನೀರಿನಿಂದ ನೀರಿಗೆ ಬದಲಾಗುವಂಥದು, ಪೆನ್ನುಗಳಲ್ಲಿ 0.5 ಅಥವಾ 0.7 ಇರುವುದೂ ಉಂಟು. ಇಲ್ಲಿ ಮಾತ್ರ ಅದು ತೂಕಕ್ಕೆ ಚೆನ್ನಾಗಿ ಹೊಂದಿಕೊಂಡಿತು.

ಇಷ್ಟಾದ ಮೇಲೆ ಅವರಿಗೆ ನಾಟಿದ್ದು ಇದಾವುದೂ ಅಲ್ಲ, ಪಡಸಾಲೆಯಲ್ಲಿ ಕೂತು ಹಾಕಿದ ಕಿರಾಣಿ ಅಂಗಡಿಯ ಲೆಕ್ಕ. 2350ರಿಂದ 1690ಕ್ಕೆ ನಿಜವಾಗಿಯೂ ಇಳಿದಿದ್ದರೆ ಪ್ರತಿ ಲೀಟರಿನಿಂದ ಸುಮಾರು 420 ಮಿಲಿಗ್ರಾಂ ಉಪ್ಪು ಹೊರಗೆ ಹೋಗಿರಬೇಕು. ತೋಟಕ್ಕೆ ದಿನಕ್ಕೆ 10,000 ಲೀಟರ್ ಬಿಟ್ಟರೆ ಅದು ದಿನಕ್ಕೆ 4.2 ಕಿಲೋ. ಆರು ತಿಂಗಳಿಗೆ ಏಳೂವರೆ ಕ್ವಿಂಟಲ್.

"ಮತ್ತ ಅಷ್ಟೂ ಉಪ್ಪು ಎಲ್ಲಿ ಕುಂತೈತ್ರಿ ಸರ?" ಎಂದು ಅವರೇ ಕೇಳಿದರು. ಸಾಧನ ಮೊಳದುದ್ದವೂ ಇರಲಿಲ್ಲ, ಅದಕ್ಕೆ ಉಪ್ಪು ಹೊರಹಾಕುವ ಬಾಯಿಯೂ ಇರಲಿಲ್ಲ. ಉಪ್ಪು ತೆಗೆಯುವ ಆರ್‌ಓ ಘಟಕವಾದರೆ ಒಂದು ಕಡೆ ಸಿಹಿನೀರು, ಇನ್ನೊಂದು ಕಡೆ ಮೊದಲಿಗಿಂತ ಉಪ್ಪಾದ ನೀರು ಹೊರಬರುತ್ತದೆ. ಲೆಕ್ಕ ಎರಡೂ ಕಡೆ ಕೂಡುತ್ತದೆ.

ಮಾರಾಟಗಾರರ ಕರಪತ್ರದಲ್ಲಿ ಇನ್ನೊಂದು ಮಾತಿತ್ತು: ಸಾಧನ ಉಪ್ಪನ್ನು ತೆಗೆಯುವುದಿಲ್ಲ, ಸಣ್ಣ ಕಣಗಳಾಗಿ ಒಡೆಯುತ್ತದೆ. ಈ ಮಾತು ಅವರ ಚೀಟಿಯ ಸಂಖ್ಯೆಗೇ ಎದುರು ನಿಲ್ಲುತ್ತದೆ. ಕರಗಿದ ಲವಣ ಆಗಲೇ ಅಯಾನುಗಳಾಗಿ ಬಿಡಿಯಾಗಿದೆ. ಅದಕ್ಕಿಂತ ಸಣ್ಣದಾಗಿ ಒಡೆಯಲು ಬರುವುದಿಲ್ಲ, ಮತ್ತು ಜೋಡಿಯಾಗಿದ್ದ ಅಯಾನುಗಳು ಹೇಗೋ ಬಿಡಿಯಾದವೆಂದೇ ಇಟ್ಟುಕೊಂಡರೂ ವಾಹಕತೆ ಏರಬೇಕೇ ಹೊರತು ಇಳಿಯಬಾರದು. ಅಯಸ್ಕಾಂತದಿಂದ ಪೈಪಿನೊಳಗಿನ ಸುಣ್ಣದ ಪದರ ಕಟ್ಟುವ ರೀತಿ ಬದಲಾಗುತ್ತದೆಯೇ ಎಂಬುದು ಬೇರೆಯೇ ಚರ್ಚೆ; ಅದನ್ನು ವಾಹಕತೆಯ ಮೀಟರ್ ತೀರ್ಮಾನಿಸಲಾರದು, ನಾನೂ ಇಲ್ಲಿ ತೀರ್ಮಾನಿಸಲು ಹೋಗುವುದಿಲ್ಲ.

ಈ ಪ್ರಕರಣದಲ್ಲಿ ನನ್ನ ಕೈಗೆ ಪೂರ್ತಿ ಸಿಗದ ಒಂದು ಸಂಗತಿ ಇದೆ. ಏಪ್ರಿಲಿನ ನೀರಿನ ತಾಪಮಾನವನ್ನು ಯಾರೂ ಬರೆದಿಡಲಿಲ್ಲ, ಆ ನೀರೂ ಈಗಿಲ್ಲ. ಅದು 32ರಿಂದ 34 ಡಿಗ್ರಿಯ ನಡುವೆ ಇದ್ದಿರಬೇಕೆಂದು ಊಹಿಸಿ, ಡಿಗ್ರಿಗೆ ನೂರಕ್ಕೆ ಎರಡರಂತೆ 25ಕ್ಕೆ ಇಳಿಸಿದರೆ 2060ರಿಂದ 1990ರವರೆಗಿನ ಯಾವ ಸಂಖ್ಯೆಯೂ ಬರಬಹುದು. ಹೀಗಾಗಿ ಏಪ್ರಿಲಿಗೂ ಡಿಸೆಂಬರಿಗೂ ನಡುವೆ ಬಾವಿಯ ನೀರು ನೂರಕ್ಕೆ ಎರಡು ಮೂರರಷ್ಟು ಬದಲಾಗಿಲ್ಲ ಎಂದು ನಾನು ಹೇಳಲಾರೆ. ನಮ್ಮ ಕಡೆ ಸೆಪ್ಟೆಂಬರಿನಲ್ಲಿ ಒಳ್ಳೆಯ ಮಳೆ ಬೀಳುತ್ತದೆ. ಅಂತರ್ಜಲ ತುಂಬಿ ಉಪ್ಪು ತುಸು ತೆಳುವಾಗುವುದು ಸಹಜ. ಬೇಸಿಗೆಯಲ್ಲಿ ತೆರೆದ ಹೊಂಡದ ನೀರು ಆವಿಯಾಗಿ ಉಪ್ಪು ತುಸು ಗಟ್ಟಿಯಾಗುವುದೂ ಸಹಜ, ಅವರು ಎರಡು ದಿನಕ್ಕೊಮ್ಮೆ ಹೊಂಡ ತುಂಬಿಸುತ್ತಿದ್ದುದರಿಂದ ಅದು ದೊಡ್ಡದಿರಲಾರದು ಎಂದಷ್ಟೇ ಹೇಳಬಹುದು. ನೂರಕ್ಕೆ 28ರ ಇಳಿತವನ್ನು ತಾಪಮಾನ ಒಂದೇ ವಿವರಿಸಿ ಮುಗಿಸುತ್ತದೆ; ಅದರೊಳಗೆ ಅಡಗಿ ಕೂತಿರಬಹುದಾದ ನೂರಕ್ಕೆ ಎರಡನ್ನು ಹುಡುಕಲು ಆ ಚೀಟಿಗಳು ಸಾಲವು.

ಗಿಡಗಳು ಮೊದಲಿಗಿಂತ ಚೆನ್ನಾಗಿವೆ, ಎಲೆಯ ಅಂಚು ಸುಡುವುದು ಕಡಿಮೆಯಾಗಿದೆ ಎಂದು ಅವರು ಹೇಳಿದ್ದು ಸುಳ್ಳಲ್ಲ, ನಾನೇ ನೋಡಿದೆ. ಬೇಸಿಗೆಯಿಡೀ ಬೇರಿನ ಸುತ್ತ ಕೂಡಿಬಿದ್ದ ಉಪ್ಪನ್ನು ಮಳೆ ಕೆಳಕ್ಕೆ ತೊಳೆದಿತ್ತು. ಜೊತೆಗೆ ಚಳಿಗಾಲದಲ್ಲಿ ಗಿಡ ಕುಡಿಯುವ ನೀರೂ ಕಡಿಮೆ. ಪಕ್ಕದ ತೋಟದಲ್ಲಿ ಯಾವ ಸಾಧನವೂ ಇರಲಿಲ್ಲ, ಅಲ್ಲಿಯ ಎಲೆಗಳೂ ಹಾಗೆಯೇ ಇದ್ದವು.

ವರ್ಗದ ಮಾತು ಉಳಿಯಿತು. 1954ರ ಕೋಷ್ಟಕದ ಗೆರೆಗಳೆಲ್ಲ 25 ಡಿಗ್ರಿಯವು. ಆ ಲೆಕ್ಕದಲ್ಲಿ ಈ ನೀರು 2020. ಮೂರನೆಯ ವರ್ಗದ ಮೇಲ್ತುದಿ. ಏಪ್ರಿಲಿನಲ್ಲಿ ಅದನ್ನು ನಾಲ್ಕನೆಯ ವರ್ಗಕ್ಕೆ ತಳ್ಳಿದ್ದೂ ತಪ್ಪು, ಡಿಸೆಂಬರಿನಲ್ಲಿ ಹಗುರ ಮಾಡಿದ್ದೂ ತಪ್ಪು. ಮೊದಲ ತಪ್ಪು ಆಗದಿದ್ದರೆ ಅವರು ಸಾಧನ ಕೊಳ್ಳಲು ಹೋಗುತ್ತಿದ್ದರೋ ಇಲ್ಲವೋ ಎಂಬುದು ನನ್ನನ್ನು ಇಂದಿಗೂ ಕಾಡುತ್ತದೆ, ಏಕೆಂದರೆ ಆ ಮೀಟರಿನವರು ಯಾರನ್ನೂ ಮೋಸಗೊಳಿಸಲು ಹೊರಟವರಲ್ಲ, ಪುಕ್ಕಟೆಯಾಗಿ ಅಳೆದುಕೊಟ್ಟಿದ್ದರು. ವರದಿಗಳನ್ನು ಹೋಲಿಸುವಾಗ ಇನ್ನೊಂದು ತೊಡಕೂ ಇದೆ. ಎಲ್ಲರ ಆಧಾರ ತಾಪಮಾನ 25 ಅಲ್ಲ. ಯುರೋಪಿನ ಕುಡಿಯುವ ನೀರಿನ ನಿಯಮ 2500 ಎಂಬ ಮಿತಿಯನ್ನು 20 ಡಿಗ್ರಿಗೆ ಹೇಳುತ್ತದೆ. ಅದೇ ನೀರನ್ನು 25ಕ್ಕೆ ಹೇಳಿದರೆ ಅಂಕ ನೂರಕ್ಕೆ ಹತ್ತಕ್ಕಿಂತ ಹೆಚ್ಚು ಮೇಲೇರುತ್ತದೆ.

ಮೀಟರಿನವರಿಗೆ ಗುಂಡಿ ತಿರುಗಿಸುವುದನ್ನು ತೋರಿಸಿ, ಥರ್ಮಾಮೀಟರನ್ನು ಅಲ್ಲೇ ಬಿಟ್ಟುಬಂದೆ. ಅಣ್ಣನ ತೋಟಕ್ಕೆ ಎರಡನೆಯ ಸಾಧನ ಬರಲಿಲ್ಲ; ಮೊದಲನೆಯದರ ಹಣ ಮರಳಿಯೂ ಬರಲಿಲ್ಲ. ಮುಂದಿನ ಏಪ್ರಿಲಿನಲ್ಲಿ ಅದೇ ಪೈಪಿನ ಬಾಯಿಯಲ್ಲಿ, ಮಧ್ಯಾಹ್ನ ಮೂರಕ್ಕೆ, ಅವರೇ ಅಳೆದು ಫೋನಿನಲ್ಲಿ ಓದಿ ಹೇಳಿದರು: ನೀರು 33 ಡಿಗ್ರಿ, ಗುಂಡಿ 25ರಲ್ಲಿದ್ದಾಗ 2360, ಗುಂಡಿ 33ಕ್ಕೆ ತಿರುಗಿಸಿದಾಗ 2030.